ರೋಗಿಯ ಮಾತಿನಲ್ಲೇ

“ಒಂದ್ಸಲ ಕೈ ಇಡ್ದು ನೋಡ್ಬುಡವ್ವ. ಡಾಕ್ಟ್ರು ಮನೆಬಾಗ್ಲಿಗೇ ಬಂದಿರುವಾಗ ನೋಡ್ದೆ ಎತ್ತುದ್ರೆ ಸರಿಯಾಗಕಿಲ್ಲ” ಎನ್ನುತ್ತಾ ಕೇರಿಯ ಶಿವರಾಮು ಜನರನ್ನು ಸರಿಸಿ ದಾರಿ ಮಾಡಿದ.

ನಯನ ಚಪ್ಪಲಿ ಬಿಟ್ಟು ಚಾಪೆಯ ಪಕ್ಕ ಕುಳಿತಳು. ಪಟ್ಟಲಮ್ಮ ತೀರಿಕೊಂಡಿದ್ದು ಹಿಂದಿನ ದಿನ ಸಂಜೆ. ಕೈ ಮರದಂತಾಗಿತ್ತು. ಆದರೂ ನಾಡಿಯ ಜಾಗ ಹುಡುಕಿ ಬೆರಳಿಟ್ಟಳು. ತಮಟೆಯವರು ನಿಲ್ಲಿಸಿದರು. ಎಣಿಸಲು ಏನೂ ಇರಲಿಲ್ಲ. ಒಂದು ನಿಮಿಷ ಗಡಿಯಾರ ನೋಡುತ್ತಾ ಕುಳಿತು, ಇಲ್ಲ ಎಂದು ತಲೆಯಾಡಿಸಿದಳು.

“ಗ್ಯಾರಂಟಿನಾ?” ಪಕ್ಕದ ಮನೆಯ ಇಂದ್ರಮ್ಮ ಕೇಳಿದಳು.

“ಹೂಂ.”

“ಸರಿ ಬುಡು. ಯಾಕಂದೆ ಅಂದ್ರೆ, ಇಷ್ಟ್ ಜನ ಬಂದವ್ರೆ ಕಾಪಿ ಕಾಸ್ಬೇಕು ಅಂತ ಎದ್ರೂ ಏಳೋಳೆಯ ಇವ್ಳು.”

ಒಂದಿಬ್ಬರು ನಕ್ಕರು. ಮಗಳು ಶಶಿರೇಖಾ ನಗಲಿಲ್ಲ. ತಾಯಿಯ ಕಾಲ ಬಳಿ ಗೋಡೆಗೊರಗಿ ಕುಳಿತಿದ್ದಳು. ಸೋಮನಹಳ್ಳಿಯ ಸಣ್ಣ ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ. ಕೊರಳಿನ ಗುರುತಿನ ಚೀಟಿಯನ್ನು ತೆಗೆಯುವುದಕ್ಕೂ ಅವಳಿಗೆ ನೆನಪಾಗಿರಲಿಲ್ಲ. ಬೆಳಿಗ್ಗೆ ನಯನಳಿಗೆ ಫೋನ್ ಮಾಡಿದವಳು ಅವಳೇ. ಒಂದೇ ಮಾತು: “ಮೇಡಂ, ಅವ್ವ ಓಗ್ಬುಟ್ಲು.” ನಯನ ಹೆರಿಗೆ ವಾರ್ಡಿನಿಂದ ಅರ್ಧ ದಿನ ರಜೆ ಕೇಳಿ ಹೊಳಲಿನ ಬಸ್ಸು ಹತ್ತಿದ್ದಳು.

ನಡುಮನೆಯ ಮೂಲೆಯಲ್ಲಿ ಇಬ್ಬರು ಹೆಂಗಸರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅಷ್ಟೇನೂ ತಗ್ಗಿರಲಿಲ್ಲ.

“ಒಬ್ಳೇ ಮಗ್ಳು ಕಣಮ್ಮಿ. ಒಂದ್ ವಾರ ಜೊತೇಲಿರಕ್ಕಾಗ್ನಿಲ್ವಂತೆ.”

“ಒಂಟಿ ಬುಡ್ಬೇಡಿ ಅಂತ ಡಾಕ್ಟ್ರೇ ಏಳಿದ್ರಂತೆ. ಗಂಡನ್ನ ನೆನ್ಸ್ಕಂಡು ನೆನ್ಸ್ಕಂಡು ಕೊರಗಿ ಸತ್ಲು.”

ಶಶಿರೇಖಾ ಮಂಡಿಯ ಮೇಲೆ ಹಣೆಯಿಟ್ಟಳು.

*

ಎಂಬಿಬಿಎಸ್ ಮುಗಿಸಿದ ಮೇಲಿನ ಹೌಸ್ ಸರ್ಜನ್ ವರ್ಷದಲ್ಲಿ ನಯನಳನ್ನು ಮಾನಸಿಕ ವಿಭಾಗಕ್ಕೆ ಹಾಕಿದ್ದು ಹದಿನೈದು ದಿನ. ಮೊದಲ ದಿನವೇ ಹಿರಿಯ ವೈದ್ಯ ರಘುನಂದನ್ ಕೇಸ್ ಶೀಟು ತೋರಿಸಿ ಹೇಳಿದ್ದ: “ಮೊದಲನೇ ಸಾಲು ರೋಗಿಯದು. ಏನು ತೊಂದರೆ ಅಂತ ಅವರು ಹೇಳಿದ್ದನ್ನ ಅವರ ಮಾತಿನಲ್ಲೇ ಬರೀಬೇಕು. ನಿನಗೆ ಏನು ಅರ್ಥವಾಯ್ತು ಅನ್ನೋದು ಆಮೇಲೆ.”

ಎರಡನೇ ದಿನ ಬಂದವಳು ಪಟ್ಟಲಮ್ಮ. ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸಿನ ಮಾತ್ರೆ ಕೊಟ್ಟು ಕೊಟ್ಟು, ಕೊನೆಗೆ ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದು ಕಳಿಸಿದ್ದರು.

“ಏನು ತೊಂದರೆ ಅಮ್ಮ?”

“ಸಂಕಟ ಕಣವ್ವ.”

“ಎಷ್ಟು ದಿನದಿಂದ?”

“ಮೂರ್ ತಿಂಗ್ಳಾಯ್ತು ಅನ್ನು.”

“ಮನೆಯಲ್ಲಿ ಏನಾದರೂ ಆಯಿತಾ?”

“ಏನಾದದು? ಯಜಮಾನ್ರು ಓಗ್ಬುಟ್ರು.”

“ಯಾವಾಗ?”

“ಅದೂ ಮೂರ್ ತಿಂಗ್ಳಾಯ್ತಲ್ಲ.”

ನಯನಳ ಪೆನ್ನು ನಿಂತಿತು. ಎರಡೂ ‘ಮೂರು ತಿಂಗಳು’ಗಳು ತಾವಾಗಿಯೇ ಒಂದರ ಮೇಲೊಂದು ಕೂತಿದ್ದವು. ಗಂಡ ಮರಿಸಿದ್ದಯ್ಯನ ಬಗ್ಗೆ ಕೇಳಿದಳು. ಪಟ್ಟಲಮ್ಮ ಅತ್ತಳು. ಸತ್ತ ಗಂಡನ ಬಗ್ಗೆ ಕೇಳಿದರೆ ಯಾರಾದರೂ ಅಳುತ್ತಾರೆ ಎಂದು ನಯನಳಿಗೆ ಆಗ ಹೊಳೆಯಲಿಲ್ಲ.

“ಎದೆ ನೋವಿದೆಯಾ?” ಎಂದೂ ಕೇಳಿದ್ದಳು.

“ನೋವಿಲ್ಲ ಕಣವ್ವ. ನೋವಾದ್ರೆ ಎಂಗೋ ತಡ್ಕಬೋದು. ಸಂಕಟ.”

ಕೇಸ್ ಶೀಟಿನ ಮೊದಲ ಸಾಲಿನಲ್ಲಿ ನಯನ ಇಂಗ್ಲಿಷಿನಲ್ಲಿ ‘ಮೂರು ತಿಂಗಳಿಂದ ತೀರದ ದುಃಖ’ ಎಂದು ಬರೆದು, ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದಳು. ಎದೆನೋವು ಇಲ್ಲ ಎಂದು ಕೆಳಗೆ ಬರೆದಳು. ರಘುನಂದನ್ ಓದಿ, “ಚೆನ್ನಾಗಿ ಕೇಳಿದ್ದೀಯ” ಎಂದ. ಇಸಿಜಿ ಯಾರಿಗೂ ನೆನಪಾಗಲಿಲ್ಲ.

*

ಪಟ್ಟಲಮ್ಮ ಒಂಬತ್ತು ದಿನ ವಾರ್ಡಿನಲ್ಲಿದ್ದಳು. ಮೂವತ್ತು ವರ್ಷ ಕೃಷಿ ಸಂಶೋಧನೆಯ ವಿ.ಸಿ. ಫಾರಂನಲ್ಲಿ ದಿನಗೂಲಿ ಮಾಡಿದವಳು. ಅವಳ ಕೆಲಸ ಭತ್ತದ ತೆನೆಯದು. ಬಿಸಿಲೇರುವ ಮುಂಚೆ ಒಂದೊಂದೇ ಹೂವನ್ನು ತುದಿಯಲ್ಲಿ ಕತ್ತರಿಸಿ, ಒಳಗಿನ ಕೇಸರಗಳನ್ನು ಚಿಮಟದಿಂದ ತೆಗೆದು, ಬೇರೆ ತಳಿಯ ಪರಾಗದ ಧೂಳು ಬೀಳುವ ತನಕ ತೆನೆಗೆ ಕಾಗದದ ಕವರು ತೊಡಿಸುವುದು. ಓದಲು ಬಾರದಿದ್ದರೂ ತೆನೆಗೆ ಕಟ್ಟಿದ ಚೀಟಿಯ ನಂಬರುಗಳನ್ನು ಆಕಾರದಿಂದಲೇ ಗುರುತಿಸುತ್ತಿದ್ದಳು. ಫಾರಂನಲ್ಲಿ ಅವಳ ಹೆಸರು ಕವರ್ ಪಟ್ಟಲಮ್ಮ.

“ಸಾಹೇಬ್ರುಗಳು ತಪ್ ಚೀಟಿ ಕಟ್ಟಿರೋರು. ನಾನ್ ಬಿಚ್ಚಿ ಸರಿಯಾಗ್ ಕಟ್ತಿದ್ದೆ. ಯಾರ್ಗೂ ಏಳ್ತಿರ್ನಿಲ್ಲ. ಪಾಪ, ಓದ್ದೋರು, ನಾಚ್ಕತ್ತಾರೆ ಅಂತ.”

ಒಂದು ದಿನ ನಯನ ಅವಳ ಜೊತೆ ಮೇಲಿನ ಮಹಡಿಗೆ ಮೆಟ್ಟಿಲು ಹತ್ತುತ್ತಿದ್ದಳು. ಅರ್ಧದಲ್ಲಿ ಪಟ್ಟಲಮ್ಮ ಗೋಡೆ ಹಿಡಿದು ಕುಳಿತಳು. “ತಡಿ ಮಗ, ಸಂಕಟ.”

ನಯನ ಪಕ್ಕದಲ್ಲೇ ಕುಳಿತು ಅವಳ ಬೆನ್ನು ಸವರಿದಳು. “ಅಳಬೇಕು ಅನ್ನಿಸಿದರೆ ಅತ್ತುಬಿಡಿ ಅಮ್ಮ. ತಡೆದುಕೊಳ್ಳಬೇಡಿ.”

ಪಟ್ಟಲಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ, ಹೇಳಿದ ಕೆಲಸ ಮಾಡುವವಳಂತೆ, ಸ್ವಲ್ಪ ಹೊತ್ತು ಅತ್ತಳು.

ಅವಳನ್ನು ಮನೆಗೆ ಕಳಿಸುವ ದಿನ ನಯನ ಶಶಿರೇಖಾಳನ್ನು ಪಕ್ಕಕ್ಕೆ ಕರೆದು, “ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. ಒಂಟಿಯಾಗಿ ಬಿಡಬೇಡಿ” ಎಂದಿದ್ದಳು. ತನ್ನ ಫೋನ್ ನಂಬರನ್ನೂ ಕೊಟ್ಟಿದ್ದಳು.

*

ಹನ್ನೊಂದರ ಹೊತ್ತಿಗೆ ಮಳವಳ್ಳಿಯಿಂದ ಪಟ್ಟಲಮ್ಮನ ಅಕ್ಕ ಬೆಟ್ಟಮ್ಮ ಬಂದಳು. ಬೀದಿಯ ತುದಿಯಿಂದಲೇ “ಅಯ್ಯೋ ನನ್ ಕೂಸೇ” ಎಂದು ಎದೆ ಬಡಿದುಕೊಳ್ಳುತ್ತಾ ಬಂದವಳು ಜಗಲಿಯ ಹತ್ತಿರ ಫಕ್ಕನೆ ನಿಂತು ಕುಕ್ಕರಿಸಿದಳು. ಹೆಂಗಸರು ಹಿಡಿದುಕೊಳ್ಳಲು ಓಡಿದರು.

“ಬುಡ್ರಮ್ಮಿ, ಮುಟ್ಬೇಡಿ. ಮಳವಳ್ಳಿಯಿಂದ ಮದ್ದೂರು, ಮದ್ದೂರಿಂದ ಮಂಡ್ಯ, ಮೂರ್ ಬಸ್ಸತ್ತಿ ಇಳ್ದು ಸಂಕಟ ಆಯ್ತಾ ಅದೆ. ಮೊದ್ಲು ಈ ಸಂಕಟ ನಿಂತ್ಕಳ್ಳಿ. ಆಮೇಕ್ ಅಳ್ತೀನಿ.”

ಇಂದ್ರಮ್ಮ ನಿಂಬೆಹಣ್ಣು ತರಲು ಹೋದಳು. ನಯನ ಬೆಟ್ಟಮ್ಮನ ಎದುರು ಬಂದು ನಿಂತಳು.

“ಅಜ್ಜಿ, ಸಂಕಟ ಅಂದರೆ ಏನು?”

“ಇದ್ಯಾರಮ್ಮಿ ಈ ಮಗ?”

“ಡಾಕ್ಟ್ರು ಕಣಕ್ಕ” ಎಂದ ಶಿವರಾಮು.

“ಡಾಕ್ಟ್ರೇ ನನ್ ಕೇಳುದ್ರೆ ಎಂಗವ್ವ? ಸಂಕಟ ಅಂದ್ರೆ ಸಂಕಟ. ಇಲ್ಲಿ, ಎದೆಗುಂಡ್ಗೇಲಿ, ಕಿವುಚ್ದಂಗಾಯ್ತದೆ. ತಣ್ಗೆ ಬೆವ್ರು ಬತ್ತದೆ. ಕಕ್ಕಂಗಾಯ್ತದೆ.”

“ಮನಸ್ಸಿಗೆ ದುಃಖ ಆದಾಗ?”

“ಮನ್ಸಿಗಾದ್ರೆ ಬೇಜಾರು ಅಂತೀವಿ. ಸಂಕಟ ಅಂತ ಯಾಕಂದೇವು?”

ನಿಂಬೆಹಣ್ಣು ಹಿಡಿದು ಬಂದ ಇಂದ್ರಮ್ಮ ಹೇಳಿದಳು: “ಪಟ್ಟಲಮ್ಮನೂ ನೆನ್ನೆ ಸಂಜೆ ಇದೇ ಜಗಲಿ ಮ್ಯಾಲೆ ಕೂತ್ಕಂಡು ಇಂಗೇ ಅಂದ್ಲು. ಸಂಕಟ ಕಣಮ್ಮಿ, ನೀರ್ ಕೊಡು ಅಂತ. ಮೈಯೆಲ್ಲಾ ಬೆವ್ತೋಗಿತ್ತು. ನಾನ್ ಚೊಂಬ್ ತರೋದ್ರಲ್ಲಿ ಓಗ್ಬುಟ್ಟಿದ್ಲು.”

“ಗಂಡನ್ ಕೊರಗು” ಎಂದಳು ಮೂಲೆಯ ಹೆಂಗಸು.

“ಯಾವಳ್ ಅಂದೋಳು?” ಬೆಟ್ಟಮ್ಮ ನಿಂಬೆ ಮೂಸುತ್ತಲೇ ಗದರಿದಳು. “ಆ ಮರಿಸಿದ್ದ ಇರೋಗಂಟ ಇವ್ಳ್ಗೆ ಒಂದ್ ದಿನ ಕಾಲ್ ಚಾಚಿ ಮನಿಕಳಕ್ ಬುಡ್ನಿಲ್ಲ. ಅವ್ನ್ ತಿಥಿ ದಿನ ನನ್ ಕಿವೀಲಿ ಏನಂದ್ಲು ಗೊತ್ತಾ? ಅಕ್ಕಯ್ಯ, ಇನ್ಮೇಲೆ ನಿದ್ದೆ ಮಾಡ್ತೀನಿ ಅಂದ್ಲು.”

ನಯನ ಜಗಲಿಯ ಅಂಚಿನಲ್ಲಿ ಕುಳಿತಳು. ಅವಳ ತಂದೆ ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದು ಮಂಡ್ಯದಲ್ಲಿ ಮೇಷ್ಟ್ರಾದವರು. ಚಿಕ್ಕಂದಿನಲ್ಲಿ ಅವಳು ಒಮ್ಮೆ ‘ಆಲು’ ಎಂದದ್ದಕ್ಕೆ ‘ಹಾಲು’ ಎಂದು ನೂರು ಸಲ ಬರೆಸಿದ್ದರು. ಊರಿನಿಂದ ಬಂದ ಅಜ್ಜಿ ಮೊಮ್ಮಗಳ ಮುಂದೆ ಮಾತೇ ಆಡುತ್ತಿರಲಿಲ್ಲ.

*

ಹೆಣ ಎತ್ತಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬುದ್ಧನ ಮತ್ತು ಬಾಬಾಸಾಹೇಬರ ಪಟಗಳ ಮುಂದೆ ಹುಡುಗಿಯೊಬ್ಬಳು ವಂದನೆ ಓದಿದಳು. ಆಮೇಲೆ ತಮಟೆ ಮುಂದಾಯಿತು. ನಾಲೆಯ ಏರಿಯ ಮೇಲೆ ನಡೆಯುವಾಗ ಶಶಿರೇಖಾ ಹಿಂದೆ ಉಳಿದು ನಯನಳ ಜೊತೆಯಾದಳು.

“ಆಸ್ಪತ್ರೆಯಿಂದ ಕರ್ಕಬಂದ್ಮೇಲೆ ಮೂರ್ ದಿವ್ಸ ರಜ ಆಕ್ದೆ ಮೇಡಂ. ನಾಕ್ನೇ ದಿನ ಬರ್ದಿದ್ರೆ ಬೇರೆಯೋರ್ನ ತಕತ್ತೀವಿ ಅಂದ್ರು. ಕೆಲ್ಸಕ್ ಓದೆ. ನಾನ್ ಜೊತೇಲಿದ್ದಿದ್ರೆ ಬದುಕ್ತಿದ್ಲಾ?”

“ಇಲ್ಲ. ನಿಮ್ಮ ತಪ್ಪಲ್ಲ.”

“ಸಮಾದಾನಕ್ಕೆ ಎಲ್ರೂ ಅಂಗೇ ಅಂತಾರೆ.” ಶಶಿರೇಖಾ ಕೊರಳಿನ ಚೀಟಿಯನ್ನು ತಿರುವುತ್ತಾ ನಡೆದಳು. “ಊರಲ್ ಅನ್ನೋದು ಅದಲ್ಲ. ನನ್ ಜೀವ ಇರೋಗಂಟ ಅಂತಾರೆ.”

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೇಸ್ ಶೀಟು ಆಸ್ಪತ್ರೆಯ ಕಪಾಟಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಇಲ್ಲಿ ಯಾರೂ ಅದನ್ನು ತೆಗೆಸಿ ಓದುವವರಿರಲಿಲ್ಲ. ನಯನ ಹತ್ತು ಹೆಜ್ಜೆ ನಡೆದಳು. ನಿಂತಳು.

“ಅಮ್ಮನಿಗೆ ಇದ್ದದ್ದು ಕೊರಗಲ್ಲ. ಹೃದಯದ ಕಾಯಿಲೆ. ಮೊದಲನೇ ದಿನವೇ ನನಗೆ ಹೇಳಿದ್ದರು, ಸಂಕಟ ಅಂತ. ನಾನು ದುಃಖ ಅಂತ ಬರೆದೆ.”

“ಬರುದ್ರೆ?”

“ಎದೆಯ ಪರೀಕ್ಷೆ ಮಾಡಲೇ ಇಲ್ಲ. ಮಾಡಿದ್ದರೆ ಬದುಕುತ್ತಿದ್ದರೋ ಏನೋ. ಮನಸ್ಸಿನ ಮಾತ್ರೆ ಕೊಟ್ಟು ಕಳಿಸಿದೆವು.”

ತಮಟೆ ಮುಂದೆ ಹೋಗುತ್ತಿತ್ತು. ಶಶಿರೇಖಾ ಅವಳನ್ನು ನೋಡುತ್ತಾ ನಿಂತಳು.

“ಸಂಕಟ ಅಂದ್ರೆ ಗೊತ್ತಿರ್ನಿಲ್ವಾ ನಿಮ್ಗೆ?”

“ಇರಲಿಲ್ಲ.”

“ಯಾವೂರು ನಿಮ್ದು?”

“ಮಂಡ್ಯ.”

ಶಶಿರೇಖಾ ಬೇಗ ಬೇಗ ನಡೆದು ಹೆಂಗಸರ ಗುಂಪನ್ನು ಸೇರಿಕೊಂಡಳು. ಅವಳು ಏನೋ ಹೇಳಿದಳು. ಒಬ್ಬೊಬ್ಬರಾಗಿ ಹಿಂದಿರುಗಿ ನೋಡಿದರು. ನಯನ ಏರಿಯ ಮೇಲೆ ಒಬ್ಬಳೇ ಉಳಿದಳು. ವಾಪಸು ಹೋಗುವ ದಾರಿ ಹಿಂದೆಯೇ ಇತ್ತು. ಅವಳು ಮುಂದೆ ನಡೆದಳು.

ಗುಂಡಿಗೆ ಇಳಿಸಿದ್ದಾಯಿತು. “ಎಲ್ರೂ ಒಂದೊಂದ್ ಇಡಿ ಮಣ್ಣಾಕಿ” ಎಂದು ಶಿವರಾಮು ಕೂಗಿದ. ಸಾಲು ಸರಿಯುತ್ತಾ ಬಂತು. ನಯನ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಗುಂಡಿಯ ಅಂಚಿಗೆ ಬಂದಳು.

ಶಶಿರೇಖಾ ಎದುರಿಗೆ ಬಂದಳು. ನಯನಳ ಮುಚ್ಚಿದ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಗುಂಡಿಯಿಂದ ಈಚೆಗೆ ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಣ್ಣು ಹುಲ್ಲಿನ ಮೇಲೆ ಬಿತ್ತು. ಅಂಗೈಯ ಗೆರೆಗಳಲ್ಲಿ ಉಳಿದಿದ್ದನ್ನೂ ಸೆರಗಿನ ತುದಿಯಿಂದ ಒರೆಸಿದಳು, ಒಂದು ಕಣವೂ ಉಳಿಯದ ಹಾಗೆ. ಹಿಂದೆ ನಿಂತಿದ್ದ ಬೆಟ್ಟಮ್ಮ ತನ್ನ ಹಿಡಿಯನ್ನು ಎದೆಗೊತ್ತಿಕೊಂಡು ಮುಂದೆ ಬಂದಳು.