ಟೋಪಿಯ ಮೇಲೆ ಸೆರಗು

ಅಕ್ಕಾತಾಯಿ ಬಾಯಾರು ಕಲಿಸುವ ರೀತಿಯೇ ಬೇರೆ. ಹೊಟ್ಟೆಯ ಆಪರೇಶನ್ ಆದವರ ಆರೈಕೆಯ ಪಾಠ ಬಂತೆಂದರೆ ಪುಸ್ತಕ ಬದಿಗಿಟ್ಟು, ನರ್ಸಿಂಗ್ ಕಲಿಯಲು ಬಂದ ಹುಡುಗಿಯರನ್ನು ವಡಗಾವಿಯ ನೇಕಾರರ ಓಣಿಗೆ ನಡೆಸಿಕೊಂಡು ಹೋಗುತ್ತಿದ್ದರು. ನರ್ಸುಗಳಿಗೆ ಮಗ್ಗ ತೋರಿಸುವುದೆಂದರೇನು ಎಂದು ಬೆಳಗಾವಿಯ ಜಾಣರು ನಗುತ್ತಿದ್ದರು. ನಗಲಿ, ಹಲ್ಲು ಅವರವು.

"ಕೇಳ್ರೆವ್ವಾ, ಓಣಿ ತುಂಬ ಹೆಂಗ ಸಪ್ಪಳ ಅದ," ಎನ್ನುತ್ತಿದ್ದರು ಬಾಯಾರು. "ಹೊಟ್ಟ್ಯಾಗಿನ ಕರಳೂ ಹಿಂಗ. ಆಪರೇಶನ್ ಆದಮ್ಯಾಲ ಸ್ವಲ್ಪ ದಿನ ಗಪ್ಪ ಕುಂದರತಾವ. ನಿಂತ ಮಗ್ಗಕ್ಕ ನೂಲು ತುರುಕಿದ್ರ ಗಂಟು ಬೀಳ್ತದ. ನಿಂತ ಕರಳಿಗೆ ಗಂಜಿ ಹಾಕಿದ್ರ ಹೊಟ್ಟಿ ಉಬ್ಬಿ, ಹೊಲಿಗಿ ಬಿಚ್ಚಿ, ಮನಷ್ಯಾನ ಹೋಗಿಬಿಡ್ತಾನ. ಹೊಟ್ಟ್ಯಾಗಿನ ಗಾಳಿ ಕೆಳಗ ಸರದೈತೇನು ಅಂತ ಕೇಳ್ರಿ. ಕೇಳಿ ಸುಮ್ಮನಾಗಬ್ಯಾಡ್ರಿ, ಹೊಟ್ಟಿಗೆ ಕಿವಿ ಕೊಡ್ರಿ. ಬಾಯಿ ಸುಳ್ಳ ಹೇಳ್ತದ, ಹೊಟ್ಟಿ ಹೇಳೂದಿಲ್ಲ."

ಆ ಹುಡುಗಿಯರಲ್ಲಿ ಒಬ್ಬಳು ಖಾನಾಪುರದ ಸಾವಂತ್ರವ್ವ. ಮದುವೆಯಾದ ಮರುವರ್ಷವೇ ಗಂಡ ಜ್ವರ ಬಂದು ತೀರಿಹೋಗಿದ್ದ. ಮೂಲೆ ಹಿಡಿದು ಕೂತ ಸೊಸೆಯನ್ನು ಎಬ್ಬಿಸಿ ಬೆಳಗಾವಿಯ ಬಸ್ಸು ಹತ್ತಿಸಿದವಳು ಅತ್ತೆ ಬಸವಣ್ಣೆವ್ವ. ಎಂಥ ಗಟ್ಟಿ ಹೆಂಗಸು ಅಂತೀರಿ! ಮಾವ ದುಂಡಪ್ಪ ಮನಸಾರೆ ಒಪ್ಪಿರಲಿಲ್ಲ. ಹೆಂಡತಿಯ ಹಟಕ್ಕೆ ಸೋತು, ಸೋತ ಸಿಟ್ಟಿಗೆ ಒಂದು ಕರಾರು ಹಾಕಿದ್ದ: "ಹೆಂಗಸರ ಸೇವಾ ಮಾಡ್ಲಿ, ಕೂಸುಗಳ ಸೇವಾ ಮಾಡ್ಲಿ. ಗಂಡಸರ ಮೈ ಮುಟ್ಟಿದ್ಲಂತ ನನ್ನ ಕಿವಿಗೆ ಬಿತ್ತಂದ್ರ ಅವತ್ತ ಗಂಟು ಕಟ್ಟಿಸಿ ಮನಿಗೆ ಕರಕೊಂಡ ಬರ್ತೀನಿ."

ಇದನ್ನೂ ಅವನು ಸೊಸೆಗೆ ನೇರವಾಗಿ ಹೇಳಿರಲಿಲ್ಲ. ಆ ಮನೆಯಲ್ಲಿ ಮಾವ ಸೊಸೆ ಎದುರುಬದುರು ಮಾತಾಡುವ ಪದ್ಧತಿಯೇ ಇಲ್ಲ. ಮಾವ ಹೆಂಡತಿಗೆ ಹೇಳಬೇಕು. ಸೊಸೆ ಸೆರಗು ಎಳೆದುಕೊಂಡು ಅತ್ತೆಗೆ ಉತ್ತರ ಕೊಡಬೇಕು. ಇಬ್ಬರೂ ಒಂದೇ ಪಡಸಾಲೆಯಲ್ಲಿದ್ದರೂ ನಡುವೆ ಟಪಾಲು ಹಂಚುವವಳು ಬಸವಣ್ಣೆವ್ವ.

ಹಣೆಬರಹದ ಚೇಷ್ಟೆ ನೋಡಿ. ಸನ್ ಎಪ್ಪತ್ತೊಂಬತ್ತರ ಮಳೆಗಾಲ ಕಳೆಯುತ್ತಲೇ ಸಾವಂತ್ರಿಯ ಪಾಳಿ ಗಂಡಸರ ಸರ್ಜರಿ ವಾರ್ಡಿಗೆ ಬಂತು. ಇದನ್ನು ಮನೆಗೆ ತಿಳಿಸುವ ಧೈರ್ಯ ಅವಳಿಗಾಗಿರಲಿಲ್ಲ. ಅದೇ ವಾರ ದುಂಡಪ್ಪನಿಗೆ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು, ಖಾನಾಪುರದಿಂದ ಜೀಪಿನಲ್ಲಿ ಹಾಕಿಕೊಂಡು ಬಂದರು. ಪದ್ಮಾಕರ ಡಾಕ್ಟರು ತಕ್ಷಣ ಕೊಯ್ದು, ಕೊಳೆತಷ್ಟು ಕರುಳು ತೆಗೆದು, ಉಳಿದದ್ದನ್ನು ಜೋಡಿಸಿ ಹೊಲಿದರು. ಸಾವಂತ್ರಿ ಮುಂಜಾನೆ ಪಾಳಿಗೆ ಬಂದು ತನ್ನ ಪಾಲಿನ ಪೇಶಂಟಿನ ಕಾಟಿನ ಹತ್ತಿರ ಹೋದರೆ, ಮೂಗಿನಲ್ಲಿ ನಳಿಗೆ, ಕೈಗೆ ಸಲಾಯಿನ್. ಮಲಗಿದ್ದವನು ಸಾಕ್ಷಾತ್ ಮಾವ.

ಅವಳ ಕೈ ತಾನಾಗಿಯೇ ಸೆರಗಿಗೆ ಹೋಯಿತು. ತಲೆಯ ಮೇಲೆ ನರ್ಸಿನ ಬಿಳಿ ಟೋಪಿ, ಟೋಪಿಯ ಮೇಲೆ ಸೆರಗು! ಬಾಜು ಕಾಟಿನವರು ಮುಸಿಮುಸಿ ನಕ್ಕರು.

ದುಂಡಪ್ಪ ಕಣ್ಣು ಬಿಟ್ಟು ನೋಡಿ, ಗೋಡೆಯ ಕಡೆ ಮುಖ ತಿರುಗಿಸಿದ. "ಏ, ಇಕಿ ಗಂಡಸರ ವಾರ್ಡಿನ್ಯಾಗ ಯಾಕ ಅದಾಳ?" ಎಂದು ಕಾಲ ಬಳಿ ಕೂತಿದ್ದ ಹೆಂಡತಿಗೆ ಹೇಳಿದ. "ನನ್ನ ಮೈಗೆ ಕೈ ಹಚ್ಚಿದ್ಲಂದ್ರ ನನ್ನ ಜೋಡಿನ ಖಾನಾಪುರಕ್ಕ ನಡೀಬೇಕಂತ ಹೇಳು."

ಆ ದಿನವೆಲ್ಲ ಸಾವಂತ್ರಿ ಮಾವನನ್ನು ಮುಟ್ಟದೆಯೇ ಆರೈಕೆ ಮಾಡಿದಳು. ಸಲಾಯಿನ್ ನೋಡಿದಳು, ನಳಿಗೆಯಿಂದ ಬಂದದ್ದನ್ನು ಅಳೆದಳು. ಮೈ ಒರೆಸಲು, ಮಗ್ಗಲು ತಿರುಗಿಸಲು ವಾರ್ಡಿನ ಆಳು ಸಾತಪ್ಪನನ್ನು ಕರೆದಳು. ಹೇಗೋ ನಡೆಯಿತು.

ಮರುದಿನ ಕೇಳಲೇಬೇಕಾದ ಪ್ರಶ್ನೆ ಬಂತು. ನಿಮ್ಮ ಮಾವನಿಗೆ ನೀವು ಕೇಳಿಬಿಡುತ್ತೀರಾ? ಸಾವಂತ್ರಿ ಮನೆಯ ಪದ್ಧತಿಯನ್ನೇ ಹಿಡಿದಳು. "ಅತ್ತೀ, ಮಾವಾರಿಗೆ ಗಾಳಿ ಸರದೈತೇನು ಕೇಳ್ರಿ," ಎಂದು ನೆಲ ನೋಡುತ್ತ ಪಿಸುಗುಟ್ಟಿದಳು.

ದುಂಡಪ್ಪನ ಮುಖ ಕೆಂಪಾಯಿತು. ಸೊಸೆಯ ಎದುರು ಇಂಥ ಮಾತೇ! ನಾಚಿಕೆ ಒಂದು ಕಡೆ, ಹಸಿವೆ ಇನ್ನೊಂದು ಕಡೆ. "ಆಗೈತಿ ಅಂತ ಹೇಳು ಅತ್ಲಾಗ," ಎಂದ.

ಸಾವಂತ್ರಿಗೆ ಪಾರಾದೆ ಅನ್ನಿಸಿತು. ಹೋಗಿ ಬಾಯಾರಿಗೆ ವರದಿ ಒಪ್ಪಿಸಿದಳು.

"ನೀ ಕೇಳಿದೇನು?" ಎಂದರು ಅಕ್ಕಾತಾಯಿ ಬಾಯಾರು.

"ಅತ್ತಿಯಾರು ಕೇಳಿದ್ರಿ."

"ಹೊಟ್ಟಿ ಕೇಳಿದೇನು?"

ಸಾವಂತ್ರಿ ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡಳು. ಬಾಯಾರು ಟೋಪಿಯ ಮೇಲಿನ ಆ ಸೆರಗು ನೋಡಿದರು. ಸಿಟ್ಟಾಗಲಿಲ್ಲ. "ಕಾಟ್ ಬದಲ್ ಮಾಡಿ ಕೊಡ್ಲೇನವ್ವಾ? ಮಾಡ್ತೀನಿ, ಅದೇನ್ ದೊಡ್ಡದಲ್ಲ. ಆದ್ರ ನಾಳೆ ಕಲತು ಖಾನಾಪುರ ದವಾಖಾನಿಗೇ ಹೋಗಬೇಕು ಅಂತೀ. ಅಲ್ಲಿ ಬರೂ ಗಂಡಸರೆಲ್ಲಾ ನಿನಗ ಮಾವನೋ ಭಾವನೋ ಆಗಾವ್ರ. ಎಷ್ಟ ಮಂದೀದು ಕಾಟ್ ಬದಲ್ ಮಾಡಾಕಿ?"

ಹಾಗೆಂದವರೇ ತಮ್ಮ ಕೊರಳಿನ ಸ್ಟೆತಸ್ಕೋಪ್ ತೆಗೆದು ಅವಳ ಕೊರಳಿಗೆ ಹಾಕಿದರು. "ಹೋಗು. ನಾ ಬರೂದಿಲ್ಲ."

ಸಾವಂತ್ರಿ ವಾರ್ಡಿಗೆ ಬರುವಷ್ಟರಲ್ಲಿ, ಗಂಡನ ಮಾತು ನಂಬಿದ ಬಸವಣ್ಣೆವ್ವ ಡಬ್ಬಿ ತೆರೆದಾಗಿತ್ತು. ಗಂಜಿಯ ಚಮಚ ದುಂಡಪ್ಪನ ತುಟಿಯ ಹತ್ತಿರ ಹೋಗಿತ್ತು.

"ಅತ್ತೀ, ತಡೀರಿ!"

ಇಡೀ ವಾರ್ಡು ತಿರುಗಿ ನೋಡಿತು. ಓಡಿದ ಭರಕ್ಕೆ ಸೆರಗು ಜಾರಿತ್ತು. ಸಾವಂತ್ರಿ ಅದನ್ನು ಮತ್ತೆ ತಲೆಗೆ ಏರಿಸಲಿಲ್ಲ; ಸೊಂಟಕ್ಕೆ ಸಿಕ್ಕಿಸಿದಳು. ಅತ್ತೆಯ ಕೈಯಿಂದ ಚಮಚ ತೆಗೆದಿಟ್ಟು, ಹಾಸಿಗೆಯ ಬದಿಗೆ ಬಂದು, ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮೊದಲ ಸಲ ಮಾವನ ಕಣ್ಣಿಗೆ ಕಣ್ಣಿಟ್ಟಳು.

"ಮಾವಾರ, ನಿಮ್ಮ ಹೊಟ್ಟಿ ನೋಡಬೇಕ್ರಿ."

"ಮುಟ್ಟಬ್ಯಾಡ!" ಎಂದು ದುಂಡಪ್ಪ ಗುಡುಗಲು ಹೋದ, ಹೊಲಿಗೆ ಚಿಟಕ್ಕೆಂದು ಹಿಡಿದು ನರಳಿದ. "ಮುಟ್ಟಿದೆಂದ್ರ ಮನಿಗೆ..."

"ಕರಕೊಂಡ ಹೋಗ್ರಿ, ಬರ್ತೀನಿ," ಎಂದಳು ಸಾವಂತ್ರಿ. "ಆದ್ರ ನೀವು ನಡಕೊಂತ ಬಸ್ಸು ಹತ್ತಬೇಕು. ಅಲ್ಲೀತನಕ ನೀವು ನನ್ನ ಪೇಶಂಟು."

ಅಂಗೈ ಹೊಟ್ಟೆಯ ಮೇಲಿಟ್ಟಳು. ಹೊಟ್ಟೆ ಬಿಗಿದು ಉಬ್ಬಿತ್ತು. ಸ್ಟೆತಸ್ಕೋಪ್ ಇಟ್ಟು ಉಸಿರು ಹಿಡಿದು ಕೇಳಿದಳು. ಇಲ್ಲಿ ಇಲ್ಲ, ಅಲ್ಲಿ ಇಲ್ಲ, ಎಲ್ಲೂ ಇಲ್ಲ. ವಡಗಾವಿಯ ಓಣಿಗೆ ಓಣಿಯೇ ಮಲಗಿತ್ತು.

"ಸರದಿಲ್ರಿ ಮಾವಾರ. ಈಗ ಈ ಗಂಜಿ ಹೋಗಿದ್ರ..." ಬಸವಣ್ಣೆವ್ವ ಡಬ್ಬಿ ಮುಚ್ಚಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಕಲಿಯುವುದಂತೂ ಇಲ್ಲಿಗೆ ಮುಗಿಯಿತು ಎಂದುಕೊಂಡಳು ಸಾವಂತ್ರಿ. ಆದರೂ ಮುಳುಗಿದವನಿಗೆ ಚಳಿಯೇನು, ಮಳೆಯೇನು? ಇನ್ನು ಸಾತಪ್ಪನನ್ನು ಕರೆಯಲಿಲ್ಲ. ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತಿದಳು. ಹೊಲಿಗೆಗೆ ದಿಂಬು ಆನಿಸಿ, "ಕೆಮ್ಮರಿ, ನಾ ಹಿಡದೀನಿ," ಎಂದು ಕೆಮ್ಮಿಸಿ ಕಫ ತೆಗೆಸಿದಳು. ಮಗ್ಗಲು ತಿರುಗಿಸಿದಳು, ಕಾಲು ಮಡಿಸಿ ಚಾಚಿಸಿದಳು, ಬೆನ್ನು ತಿಕ್ಕಿದಳು. ಅವಳು ಹೇಳಿದ್ದನ್ನೆಲ್ಲ ದುಂಡಪ್ಪ ಮಾಡಿದ. ಅಕ್ಕಾತಾಯಿ ಬಾಯಾರು ಬಾಗಿಲಲ್ಲೇ ನಿಂತು ನೋಡಿ ಹೋದರು. ಅವರ ಕಣ್ಣು ತುಂಬಿದ್ದನ್ನು ಸಾತಪ್ಪ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮರುದಿನ ಮುಂಜಾನೆ ಪದ್ಮಾಕರ ಡಾಕ್ಟರು ರೌಂಡಿಗೆ ಬಂದರು. ಹಿಂದೆ ಬಾಯಾರು, ಅವರ ಹಿಂದೆ ಹುಡುಗಿಯರ ದಂಡು.

"ಹೆಂಗದೀರಿ ದುಂಡಪ್ಪನವರ? ಗಾಳಿ ಸರೀತೇನ್ರಿ?"

ದುಂಡಪ್ಪ ಡಾಕ್ಟರಿಗೆ ಉತ್ತರ ಕೊಡಲಿಲ್ಲ. ರೂಢಿಯಂತೆ ಬಸವಣ್ಣೆವ್ವ ಕಿವಿ ಕೊಟ್ಟು ಬಗ್ಗಿದಳು. "ನೀ ಸರಿ ಆಕಡೆ," ಎಂದು ಅವಳನ್ನು ಬದಿಗೆ ಸರಿಸಿದ. ಹಿಂದೆ ನಿಂತಿದ್ದ ಸಾವಂತ್ರಿಯನ್ನು ಹುಡುಕಿ, ಎಲ್ಲರಿಗೂ ಕೇಳುವಂತೆ ಕರೆದ: "ಸಿಸ್ಟರ್‌ರ, ಬರ್ರಿ ಇಲ್ಲಿ. ನಸಕಿನ್ಯಾಗ ಗಾಳಿ ಸರೀತ್ರಿ. ಈ ಸಲ ಖರೇ."

ಬಾಯಾರು ಸಾವಂತ್ರಿಯ ಬೆನ್ನಿಗೆ ಮೆಲ್ಲಗೆ ಕೈ ಕೊಟ್ಟು ಮುಂದೆ ನೂಕಿದರು.

"ನನ್ನ ಬಾಯಿ ನಂಬಬ್ಯಾಡ್ರಿ," ಎಂದ ದುಂಡಪ್ಪ. ತಾನೇ ಹೊದಿಕೆ ಸರಿಸಿ, ಅಂಗಿ ಮೇಲೆತ್ತಿ, ಹೊಟ್ಟೆ ತೆರೆದು ಮಲಗಿದ. "ಕೇಳ್ರಿ."

ಅವಳು ಕೇಳಿದಳು. ಗುಳುಗುಳು, ಗುರ್ರ್, ಮತ್ತೆ ಗುಳುಗುಳು. ಕೇಳುತ್ತ ಕೇಳುತ್ತ ಕಣ್ಣೀರು ಸ್ಟೆತಸ್ಕೋಪಿನ ಮೇಲೆ ಬಿತ್ತು. ಡಾಕ್ಟರೂ ಕೇಳಿ ತಲೆಯಾಡಿಸಿದರು.

"ಇವತ್ತ ಬರೇ ನೀರು, ಚಮಚದಿಂದ," ಎಂದಳು ಮೂಗೊರೆಸಿಕೊಂಡು. "ಗಂಜಿ ಆಮ್ಯಾಲ ನೋಡೂಣು."

"ಹೂಂನ್ರಿ," ಎಂದ ದುಂಡಪ್ಪ.

ಬಸವಣ್ಣೆವ್ವನಿಗೆ ತಡೆಯಲಾಗಲಿಲ್ಲ. "ಹಂಗಾರ ಸೊಸಿ ಗಂಟು ಕಟ್ಟೂದೇನ್ರಿ ಮತ್ತ?"

"ಯಾಕ ಕಟ್ಟತಾಳ? ಕಲಿಯೂದು ಪೂರಾ ಮುಗಿಸಿ ಬರ್ಲಿ," ಎಂದ ದುಂಡಪ್ಪ. "ಸುಳ್ಳ ಹೇಳೂ ಗಂಡಸರು ಖಾನಾಪುರದಾಗ ನಾ ಒಬ್ಬನ ಅಲ್ಲ."