ತುತ್ತೂರಿ ಮಾವನ ಲೇನು

ಅವಳು ಓಡಿಸುತ್ತಿದ್ದ ಬಸ್ಸಿಗೆ ಯಾವ ಅಪಘಾತವೂ ಆಗಿರಲಿಲ್ಲ. ಆಗಿದ್ದರೆ ನಾಲ್ಕು ಜನಕ್ಕೆ ಹೇಳಿಕೊಳ್ಳುವುದಾದರೂ ಸುಲಭವಾಗುತ್ತಿತ್ತೇನೋ. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತು, ಬ್ರೇಕಿನ ಮೇಲಿಟ್ಟ ಕಾಲು ಮೇಲೆ ಬರಲಿಲ್ಲ, ಅಷ್ಟೇ. ಕನ್ನಡಿಗೆ ಕಾಣದ ಜಾಗದಲ್ಲಿ ಯಾರೋ ಇದ್ದಾರೆ, ಕಾಲೆತ್ತಿದರೆ ಅವರ ಮೇಲೆ ಹೋಗಿಬಿಡುತ್ತೇನೆ ಅನ್ನಿಸಿತು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಕಂಡಕ್ಟರ್ ಮುಂದೆ ಬಂದು ನೋಡಿದಾಗ ಸ್ಟೇರಿಂಗಿನ ಮೇಲೆ ಅವಳ ಕೈ ಗಡಗಡ ನಡುಗುತ್ತಿತ್ತು.

ಡಿಪೋದ ಡಾಕ್ಟರು ರಜೆ ಬರೆದರು. ರಜೆ ಮುಗಿದ ಮೇಲೆ ಮತ್ತೆ ಪರೀಕ್ಷೆ. ಅಷ್ಟರಲ್ಲಿ ರಕ್ತದೊತ್ತಡ ಇಳಿಯಬೇಕು, ಕೈ ನಿಲ್ಲಬೇಕು. ಇಲ್ಲದಿದ್ದರೆ ಸ್ಟೇರಿಂಗ್ ಬಿಟ್ಟು ಬಸ್ಸು ತೊಳೆಯುವ ಕೆಲಸಕ್ಕೆ ಹೋಗಬೇಕು. ಇದನ್ನು ಹೇಳುವಾಗ ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ದಿಗಿಲಾಯಿತು. ಮಾತ್ರೆ ಕೊಟ್ಟರು. ಈಜಿ ನೋಡಿ, ಮೈಗೂ ಒಳ್ಳೆಯದು, ತಲೆಗೂ ಒಳ್ಳೆಯದು ಎಂದರು.

ಮನೆಯಲ್ಲಿ ಜೊತೆಗಿದ್ದ ತಂಗಿ ಬಟ್ಟೆ ಹೊಲಿಯುವವಳು. ಕೊಂಡು ತಂದ ಈಜುಡುಪಿನ ತೋಳು ಬಿಗಿಯಾಯಿತೆಂದು ಬಿಚ್ಚಿ ಸಡಿಲ ಮಾಡಿಕೊಟ್ಟಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಈ ವಯಸ್ಸಲ್ಲಿ ಕಪ್ಪೆ ಆಗೋಕೆ ಹೊರಟಿದ್ದೀಯಲ್ಲಕ್ಕ" ಎಂದಳು. ಮರುಗಳಿಗೆಗೆ ತಲೆ ತಗ್ಗಿಸಿ, ಹುಷಾರಾಗಿ ಹೋಗಿ ಬಾ ಎಂದೂ ಹೇಳಿದಳು.

ಊರಿನ ಈಜುಕೊಳ ಹಳೆಯದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಬಟ್ಟೆ ತೂಗುವ ಗೂಟಗಳಲ್ಲಿ ಅರ್ಧ ಮುರಿದಿದ್ದವು. ಕ್ಲೋರಿನ್ ವಾಸನೆ ಮನೆಗೆ ಬಂದ ಮೇಲೂ ಕೂದಲಲ್ಲಿ ಉಳಿಯುತ್ತಿತ್ತು. ಅವಳಿಗೆ ಬರುತ್ತಿದ್ದುದು ಚಿಕ್ಕಂದಿನಲ್ಲಿ ಕಾಲುವೆಯಲ್ಲಿ ಕಲಿತ ನಾಯಿ ಈಜು ಮಾತ್ರ. ಅದಕ್ಕೆ ಹಗ್ಗ ಕಟ್ಟಿ ಬೇರೆ ಮಾಡಿದ್ದ, ಗೋಡೆ ಪಕ್ಕದ ನಿಧಾನದ ಲೇನು ಕೊಟ್ಟರು. ಹಗ್ಗದ ಪಕ್ಕ ಹೋಗಬೇಕು, ಗೋಡೆಯ ಪಕ್ಕ ಬರಬೇಕು, ನಡುವೆ ನಿಲ್ಲಬಾರದು. ಬಸ್ಸಿನ ದಾರಿಯ ಹಾಗೇ ಇದ್ದ ಆ ಕಟ್ಟಳೆ ಅವಳಿಗೆ ಹಿಡಿಸಿತು.

ಆ ಲೇನಿನ ಯಜಮಾನ ತುತ್ತೂರಿ ಮಾವ. ಮೆರವಣಿಗೆಯ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತ ತಲೆ ನರೆಸಿಕೊಂಡ ಮನುಷ್ಯ. ಹಲ್ಲು ಹೋಗಿ ಊದುವುದು ನಿಂತಿತ್ತು, ಎದೆಯ ಹೆಮ್ಮೆ ಹೋಗಿರಲಿಲ್ಲ. ಅವಳು ಗುಟುಕು ಗುಟುಕು ನೀರು ಕುಡಿಯುವುದನ್ನು ಒಂದು ವಾರ ನೋಡಿ, ಅವಳು ಬಸ್ ಡ್ರೈವರೆಂದು ಕೇಳಿ ತಿಳಿದು, ತಡೆಯಲಾರದೆ ಬಳಿಗೆ ಬಂದರು.

"ಉಸಿರು ಎಳ್ಕೊಳ್ಳೋಕೆ ಒದ್ದಾಡ್ತೀಯ ತಾಯಿ. ಮೊದಲು ಬಿಡೋದು ಕಲಿ. ನೀರೊಳಗೆ ನಿನಗ್ಯಾರು ಹಾರ್ನ್ ಹೊಡೀತಾರೆ?"

ಅವಳು ಕಲಿತಳು. ಮುಖ ನೀರಿಗಿಟ್ಟು ಗುಳುಗುಳು ಎಂದು ಬಿಡುವುದು, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳುವುದು. ದಿನ ಕಳೆದ ಹಾಗೆ ಒಂದು ಸುತ್ತಿಗೆ ಇನ್ನೊಂದು ಸೇರಿತು. ರಾತ್ರಿ ನಿದ್ದೆ ಬರತೊಡಗಿತು. ಬೆಳಿಗ್ಗೆ ಲೋಟ ಹಿಡಿದ ಕೈಯನ್ನು ತಂಗಿ ಕದ್ದು ನೋಡುತ್ತಿದ್ದಳು. ಅವಳಿಗೆ ಅದು ಗೊತ್ತಾಗುತ್ತಿತ್ತು, ಗೊತ್ತಿಲ್ಲದವಳ ಹಾಗೆ ಕುಡಿಯುತ್ತಿದ್ದಳು.

ಮಾವನದೊಂದು ಪದ್ಧತಿಯಿತ್ತು. ಸುತ್ತು ಮುಗಿದ ಮೇಲೆ ಲೇನಿನ ಆಳದ ತುದಿಯಲ್ಲಿ ಮುಳುಗಿ, ತಳದ ಕಬ್ಬಿಣದ ಜಾಲರಿ ಹಿಡಿದು ಉಸಿರು ಕಟ್ಟಿ ಮಲಗುವರು. ಹೊಸದಾಗಿ ಸೇರಿದ್ದ ಲೈಫ್‌ಗಾರ್ಡ್ ಹಿಂದೊಮ್ಮೆ ಹೆದರಿ ಹಾರಿ, ಅವರ ರಟ್ಟೆ ಹಿಡಿದು ಮೇಲೆ ಎಳೆದು ತಂದಿದ್ದನಂತೆ. ನನ್ನ ಎದೆ ಅಳೆಯೋಕೆ ನೀನ್ಯಾರು ಎಂದು ಮಾವ ಎಲ್ಲರೆದುರು ಅವನ ನೀರಿಳಿಸಿದ್ದರಂತೆ. ಆಮೇಲೆ ಅದು ಆ ಲೇನಿನ ಕಟ್ಟಳೆಯೇ ಆಯಿತು. ಮಾವ ಕೆಳಗಿದ್ದರೆ ಮುಟ್ಟಬಾರದು, ಮೇಲಿಂದ ಈಜಿಕೊಂಡು ಹೋಗಬೇಕು. ಮಾವ ಮಲಗಿದ್ದಾರೆ, ಸದ್ದು ಮಾಡಬೇಡಿ ಎಂದು ಎಲ್ಲರೂ ನಗುವರು.

ಪರೀಕ್ಷೆಗೆ ಇನ್ನು ಕೆಲವೇ ದಿನ ಇದ್ದಾಗ ಒಂದು ಬೆಳಿಗ್ಗೆ ಹೊಸ ಹೆಂಗಸೊಬ್ಬಳು ಆ ಲೇನಿಗೆ ಬಂದಳು. ಗೋಡೆಯ ಅಂಚು ಬಿಡಲು ಅವಳಿಗೆ ಭಯ. ಅಂಚು ಹಿಡಿದೇ ಆಳದ ತುದಿಗೆ ಬಂದವಳು ಇವಳ ತೋಳು ಹಿಡಿದುಕೊಂಡಳು.

"ಕೆಳಗೊಬ್ರು ಬಿದ್ದಿದ್ದಾರೆ ನೋಡಿ."

"ಬಿದ್ದಿಲ್ಲ, ಅವರು ಹಾಗೇ. ಎಬ್ಬಿಸಿದ್ರೆ ಬೈತಾರೆ. ನೀವು ಆರಾಮಾಗಿ ಈಜಿ."

ಹೀಗೆ ಇನ್ನೊಬ್ಬರಿಗೆ ಧೈರ್ಯ ಹೇಳುವಷ್ಟು ತಾನು ಗಟ್ಟಿಯಾದೆನಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು. ಗೋಡೆಗೆ ಕಾಲು ಕೊಟ್ಟು ಹೊರಟಳು. ಆ ದಿನ ನೀರು ಅವಳ ಮಾತು ಕೇಳುತ್ತಿತ್ತು. ತೋಳು ತಾನಾಗಿ ಎದ್ದು ತಾನಾಗಿ ಬೀಳುತ್ತಿತ್ತು. ಎದೆಯೊಳಗೆ ತಿಂಗಳುಗಟ್ಟಲೆ ಬಿಗಿದುಕೊಂಡಿದ್ದುದು ಸಡಿಲವಾಗಿತ್ತು. ಹೋದಳು, ಬಂದಳು, ಮತ್ತೆ ಹೋದಳು. ತಿರುಗುವಾಗೊಮ್ಮೆ ಕೆಳಗೆ ಮಾವನ ನೀಲಿ ಚಡ್ಡಿ ಕಂಡಿತು, ಬಿಳಿಕೂದಲು ನೀರಲ್ಲಿ ಅಲ್ಲಾಡುವುದು ಕಂಡಿತು. ಜಾಲರಿ ಹಿಡಿದಿರಬೇಕಾದ ಕೈ ಬಿಚ್ಚಿಕೊಂಡು ಪಕ್ಕಕ್ಕೆ ಬಿದ್ದಿತ್ತು. ಅದೂ ಕಂಡಿತು. ಕಂಡದ್ದು ಮನಸ್ಸಿಗೆ ಇಳಿಯಲಿಲ್ಲ.

ಹೊಸ ಹೆಂಗಸಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಅವಳು ಮೇಲೆ ಹತ್ತಿ, ಲೈಫ್‌ಗಾರ್ಡನ ಬಳಿಗೆ ಹೋಗಿ, ಅವನು ಬಿಡಿ ಎಂದರೂ ಬಿಡದೆ ಅಲ್ಲೇ ನಿಂತಳು. ಕೊನೆಗೆ ಅವನು ಹಾರಿದ.

ಮಾವನನ್ನು ಒದ್ದೆ ನೆಲದ ಮೇಲೆ ಮಲಗಿಸಿ ಎದೆ ಒತ್ತಿದರು. ಬಾಯಿಂದ ನೊರೆ ಬಂತು. ತುಟಿ ಕಪ್ಪಿಟ್ಟಿತ್ತು. ಆಂಬುಲೆನ್ಸಿನವರು ಬರುವ ಹೊತ್ತಿಗೆ ಒತ್ತುತ್ತಿದ್ದವನ ಕೈ ಸೋತಿತ್ತು. ಮಾವನ ಉಸಿರು ಮರಳಲಿಲ್ಲ. ಅವಳು ಟವೆಲ್ ಹೊದ್ದು ನಿಂತು ತನ್ನ ಕೈ ನೋಡಿಕೊಂಡಳು. ಅದು ನಡುಗುತ್ತಿರಲಿಲ್ಲ.

ಮೂರ್ನಾಲ್ಕು ದಿನ ತಡೆದು ಮಾವನ ಮನೆಗೆ ಹೋದಳು. ಎರಡು ಕೋಣೆಯ ಮನೆ. ಮಾವನ ಹೆಂಡತಿ ಅವಳನ್ನು ಹೆಸರು ಕೇಳದೆಯೇ ಗುರುತು ಹಿಡಿದು ಕೂರಿಸಿದರು. ನಿನ್ನ ಸುದ್ದಿ ದಿನಾ ಹೇಳುತ್ತಿದ್ದರು, ಡ್ರೈವರಮ್ಮನ ಕೈ ನಡುಕ ನಾನೇ ನಿಲ್ಲಿಸಿದೆ ಎಂದು ಬೀಗುತ್ತಿದ್ದರು ಎಂದರು. ಚಹಾ ತಂದುಕೊಟ್ಟರು. ಎದುರು ಕೂತು, ಸೆರಗಿನ ತುದಿ ಸುತ್ತುತ್ತ ಕೇಳಿದರು.

"ಅವತ್ತು ನೀನು ಹೋಗಿರಲಿಲ್ಲ ಅಲ್ವಾ? ಹೋಗಿದ್ರೆ ನೀನು ನೋಡಿರ್ತಿದ್ದೆ."

ಹೌದು ಅತ್ತೆ, ಹೋಗಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಅವರೂ ಅದನ್ನೇ ಬೇಡುತ್ತಿದ್ದಂತೆ ಇತ್ತು.

"ಹೋಗಿದ್ದೆ ಅತ್ತೆ. ಅವರ ಮೇಲೇ ಈಜ್ತಾ ಇದ್ದೆ."

ಮಾವನ ಹೆಂಡತಿ ಸೆರಗಿನ ತುದಿ ಬಿಟ್ಟರು. ಎದ್ದು, ಅವಳ ಕೈಯಲ್ಲಿದ್ದ ಅರ್ಧ ಕುಡಿದ ಲೋಟ ತೆಗೆದುಕೊಂಡು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಮತ್ತೆ ಹೊರಗೆ ಬರಲಿಲ್ಲ. ಅವಳು ಬಾಗಿಲು ಮುಂದಕ್ಕೆಳೆದು ಬಂದಳು.

ಪರೀಕ್ಷೆಯ ದಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿ, ಇಳಿದಿದೆಯಲ್ಲ ಎಂದು ಹುಬ್ಬೇರಿಸಿದರು. ಕೈ ಚಾಚಲು ಹೇಳಿದರು. ಬೆರಳ ಮೇಲೆ ಕಾಗದ ಇಟ್ಟರು, ಅದು ಅಲುಗಲಿಲ್ಲ. ನೀರು ನಿಮಗೆ ಚೆನ್ನಾಗಿ ಒಗ್ಗಿದೆ, ಬಿಡಬೇಡಿ ಎಂದರು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವರು ಪೆನ್ನು ಕೆಳಗಿಟ್ಟು ಕೇಳಿ, ಪಾಪ, ಆದರೆ ಅದನ್ನು ನೋಡುವುದು ಲೈಫ್‌ಗಾರ್ಡನ ಕೆಲಸ, ನಿಮ್ಮದಲ್ಲ ಎಂದರು.

"ಹೆದರಿದ್ದವಳು ನೋಡಿದಳು ಡಾಕ್ಟ್ರೇ. ನನಗೆ ಹೆದರಿಕೆ ಹೋಗಿತ್ತು, ನಾನು ಕಂಡೂ ನೋಡಲಿಲ್ಲ. ಇಂಥವಳ ಕೈಗೆ ಈಗ ಬಸ್ಸು ಕೊಡ್ತೀರಾ?"

ಯೋಚನೆ ಜಾಸ್ತಿ ಮಾಡಬೇಡಿ ಎಂದು ಅವರು ಸಹಿ ಹಾಕಿದರು.

ಮಾರನೆಯ ಬೆಳಿಗ್ಗೆ ಅವಳು ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದು ಕಾದಳು. ನಡುಕ ಬರಲಿ ಎಂದೇ ಕಾದಳು. ಬರಲಿಲ್ಲ. ಬಸ್ಸು ಸಲೀಸಾಗಿ ಡಿಪೋದ ಗೇಟು ದಾಟಿತು. ಕಂಡಕ್ಟರ್ ಹಿಂದಿನಿಂದ, "ನೋಡಿದ್ರಾ ಅಕ್ಕ, ಏನೂ ಆಗಿಲ್ಲ ನಿಮಗೆ" ಎಂದು ಕೂಗಿದ.

ಮೊದಲ ಸ್ಟಾಪಿನಲ್ಲಿ ಜನ ಹತ್ತಿದ ಮೇಲೆ ಅವಳು ಇಂಜಿನ್ ಆಫ್ ಮಾಡಿ ಕೆಳಗಿಳಿದಳು. ರಸ್ತೆಗೆ ಮೊಣಕಾಲೂರಿ ಬಗ್ಗಿ, ಒಂದೊಂದೇ ಗಾಲಿಯ ಹಿಂದೆ ಮುಂದೆ ನೋಡಿದಳು. ಎಣ್ಣೆಯ ಕಲೆ, ಸಿಗರೇಟಿನ ತುಂಡು, ಬೇರೆ ಏನೂ ಇರಲಿಲ್ಲ. ಹತ್ತಿ ಕೂತಳು. ಎರಡನೆಯ ಸ್ಟಾಪಿನಲ್ಲೂ ಇಳಿದಳು. ಮೂರನೆಯದರಲ್ಲಿ ಇಳಿಯುವಾಗ ಜನ ಗೊಣಗಿದರು, ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ, ಏನು ಕಳ್ಕೊಂಡಿದ್ದೀಯಮ್ಮ ಎಂದು ಕೇಳಿದ. ಕಂಡಕ್ಟರ್ ಅವಳ ಹಿಂದೆಯೇ ಇಳಿದು, ಇದು ಡಿಪೋಗೆ ಗೊತ್ತಾದರೆ ಸ್ಟೇರಿಂಗ್ ಮತ್ತೆ ಕೈಗೆ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದ.

"ಗೊತ್ತು" ಎಂದು ಅವಳು ಬಗ್ಗಿದಳು.