ನೋಲನ್ ಕುಚೇರಾನ ಕ್ಯಾಪ್ಟನ್

ಆ ನವೆಂಬರಿನಲ್ಲಿ ನನಗೆ ಮೂವತ್ತಾರು ವರ್ಷ. ಅಫ್ಘಾನಿಸ್ತಾನಕ್ಕೆ ಎರಡು ಸಲ ಹೋಗಿ ಬಂದಿದ್ದೆ. ಎರಡನೆಯ ಸಲ ಕ್ಯಾಪ್ಟನ್ ಆಗಿ ಸೈನಿಕರ ಒಂದು ಕಂಪನಿಯೇ ನನ್ನ ಕೈಯಲ್ಲಿತ್ತು. ಅದನ್ನು ಇನ್ನೊಬ್ಬನಿಗೆ ಒಪ್ಪಿಸಿ, ಕ್ಯಾನ್ಸಸ್‌ನ ಸೇನಾ ನೆಲೆಯೊಂದರ ಕಚೇರಿಯಲ್ಲಿ ಮೇಜಿನ ಹಿಂದೆ ಕೂತಿದ್ದೆ. ದಿನಾ ಎಂಟು ಗಂಟೆ ಮಲಗುತ್ತಿದ್ದೆ. ಎದ್ದಾಗ ಮಲಗಿದ್ದೇ ಸುಳ್ಳು ಅನ್ನಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಕರ್ನಲ್ ಬ್ರಕ್ನರ್ ನನ್ನ ಬಾಗಿಲಲ್ಲಿ ಬಂದು ನಿಂತರು.

"ಟೀಗ್, ಸರದಿ ಪಟ್ಟಿಯಲ್ಲಿ ನಿನ್ನ ಹೆಸರು ಬಂತು ಕಣಯ್ಯಾ. ನೆಬ್ರಾಸ್ಕಾದ ಹುಡುಗ. ಶನಿವಾರ ಅಫ್ಘಾನಿಸ್ತಾನದಲ್ಲಿ ಹೋದ. ಮನೆಯವರಿಗೆ ತಿಳಿಸಿ ಆಗಿದೆ. ಇನ್ನು ಮುಂದಿನದು ನಿಂದು."

"ಸರ್, ನನಗೆ ಮುಂದಿನ ವಾರ ರಜೆ..."

"ಗೊತ್ತು," ಅಂದರು, ಕಾಗದವನ್ನು ಮೇಜಿನ ಮೇಲಿಟ್ಟು ಹೋದರು.

ಸಾವಿನ ಸುದ್ದಿ ಹೇಳುವ ಅಧಿಕಾರಿ ಬೇರೆ. ಅವನು ಪಾದ್ರಿಯ ಜೊತೆ ಬಾಗಿಲು ತಟ್ಟಿ, ಹೇಳಬೇಕಾದ್ದನ್ನು ಹೇಳಿ ಹೊರಟುಹೋಗುತ್ತಾನೆ, ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅವನ ಹಿಂದೆ ಬರುವವನು ಮಾತ್ರ ತಿಂಗಳುಗಟ್ಟಲೆ ಬರುತ್ತಾ ಇರಬೇಕು. ಹೆಣ ಎಂದು ಬರುತ್ತದೆ, ಎಲ್ಲಿ ಹೂಳುವುದು, ಯಾವ ಕಾಗದಕ್ಕೆ ಯಾರ ಸಹಿ, ಎಲ್ಲವೂ ಅವನ ಹೊಣೆ. ಆ ಎರಡನೆಯವನು ನಾನು.

ನಾಲ್ಕು ಗಂಟೆಯ ದಾರಿ. ಎರಡೂ ಕಡೆ ಕೊಯ್ದು ಮುಗಿದ ಜೋಳದ ಹೊಲ, ಅದರ ಮೇಲೆ ಗಾಳಿ. ಊರೆಂದರೆ ಒಂದೇ ಬೀದಿ. ಆ ಬೀದಿಯ ಕೊನೆಯ ಮನೆ ಡಾರ್ಲಾ ಕುಚೇರಾಳದು. ಸತ್ತ ನೋಲನ್ ಅವಳ ತಮ್ಮ, ಇಪ್ಪತ್ತಮೂರು ವರ್ಷದವನು. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಅವಳಿಗೆ ಇಪ್ಪತ್ತೇಳು. ಅಲ್ಲಿಂದ ಮುಂದೆ ಅವನನ್ನು ಬೆಳೆಸಿದವಳು ಅವಳೇ. ಶಾಲೆಯ ಬಸ್ಸು ಓಡಿಸುತ್ತಾಳೆ. ಮದುವೆಯಾಗಿಲ್ಲ. ಸೇನೆಯ ಕಾಗದದಲ್ಲಿ ನೋಲನ್ ಎಲ್ಲ ಖಾನೆಯಲ್ಲೂ ಅವಳೊಬ್ಬಳ ಹೆಸರನ್ನೇ ಬರೆದಿದ್ದ.

ಬಾಗಿಲು ತೆಗೆದವಳು ನನ್ನ ಸಮವಸ್ತ್ರವನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಇನ್ನೊಬ್ರಾ? ಮೊನ್ನೆ ಬಂದಿದ್ದೋರು ಎಲ್ಲಿ?"

"ಅವರು ಬರಲ್ಲ ಮೇಡಂ. ಇನ್ಮೇಲೆ ನಾನೇ ಬರೋದು."

"ಎಲ್ಲೀವರೆಗೆ?"

"ನೀವು ಸಾಕು ಅನ್ನೋವರೆಗೆ."

"ಹಂಗಾದ್ರೆ ಇವತ್ತೇ ಸಾಕು," ಅಂದಳು. ಆದರೂ ಬಾಗಿಲು ಹಾಕಲಿಲ್ಲ. "ಒಳಗೆ ಬನ್ನಿ. ಚರ್ಚಿನ ಹೆಂಗಸ್ರು ಊಟ ತಂದು ತಂದು ಸುರೀತಿದಾರೆ. ಯಾರಾದ್ರೂ ತಿನ್ಬೇಕಲ್ಲ."

ಅಡುಗೆಮನೆಯ ಮೇಜಿನ ಮೇಲೆ ಹ್ಯಾಮ್ ಇಟ್ಟ ಬನ್ನುಗಳು, ಮೂರು ಬಗೆಯ ಆಲೂಗೆಡ್ಡೆ, ನಡುವೆ ಪ್ಲಮ್ ಜಾಮ್ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನುಗಳ ದೊಡ್ಡ ತಟ್ಟೆ. ನಾನು ತಿನ್ನುತ್ತಾ ಕಾಗದಗಳನ್ನು ಒಂದೊಂದಾಗಿ ಮುಂದಿಟ್ಟೆ. ಅವಳು ಓದದೆ ಸಹಿ ಹಾಕಿದಳು. ಹತ್ತು ದಿನ ಕಳೆದು ನೋಲನ್‌ನನ್ನು ತಾಯಿಯ ಪಕ್ಕದಲ್ಲಿ ಹೂಳಿದೆವು. ಶವಪೆಟ್ಟಿಗೆಯ ಮೇಲಿಂದ ತೆಗೆದು ಮಡಿಸಿ ಕೊಟ್ಟ ಬಾವುಟವನ್ನು ಅವಳು ಪುಟ್ಟ ಮಕ್ಕಳನ್ನು ಹಿಡಿಯುವ ಹಾಗೆ ಹಿಡಿಯಲಿಲ್ಲ. ಯಾರೋ ಕೊಟ್ಟ ಪಾರ್ಸೆಲ್ಲಿನಂತೆ ಕಂಕುಳಲ್ಲಿ ಇಟ್ಟುಕೊಂಡು ನಡೆದಳು.

ಡಿಸೆಂಬರಿನಲ್ಲಿ ಅವನ ಸಾಮಾನು ಬಂತು. ಎರಡು ಕಪ್ಪು ಪೆಟ್ಟಿಗೆ. ನಾನೇ ಒಯ್ದು ಮುಂದಿನ ಕೋಣೆಯಲ್ಲಿಟ್ಟೆ. ಅವಳು ಮೊಣಕಾಲೂರಿ ಮೊದಲನೆಯದನ್ನು ತೆರೆದು, ಒಂದು ಬೂದು ಬಣ್ಣದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಒತ್ತಿಕೊಂಡವಳು ತಟ್ಟನೆ ಅದನ್ನು ಕೆಳಗಿಟ್ಟಳು. ಆಮೇಲೆ ಇನ್ನೊಂದು ಅಂಗಿ, ಆಮೇಲೆ ಕಾಲುಚೀಲ.

"ಇದು ಸೋಪು," ಅಂದಳು. "ಬರೀ ಸೋಪಿನ ವಾಸನೆ. ಯಾರು ಒಗೆದ್ರು ಇದನ್ನ?"

ಸಾಮಾನು ಬರುವ ಉಗ್ರಾಣದಲ್ಲಿ ಬಟ್ಟೆ ಒಗೆದು ಕಳಿಸುವ ಪದ್ಧತಿ ಇದೆ. ಬೇಡವೆಂದರೆ ಒಗೆಯುವುದಿಲ್ಲ. ಬೇಕೋ ಬೇಡವೋ ಎಂದು ಮನೆಯವರನ್ನು ಕೇಳಿ ಗುರುತು ಹಾಕಬೇಕಾದವನು ನಾನು. ಮೊದಲ ಸಲ ಬಂದ ದಿನ ಹದಿನೇಳು ಕಾಗದ ಇದ್ದವು, ಕತ್ತಲಾಗುವ ಮೊದಲು ದಾರಿ ಹಿಡಿಯಬೇಕಿತ್ತು, ನಾನು ಕೇಳದೆಯೇ 'ಒಗೆಯಬಹುದು' ಎಂಬ ಚೌಕಕ್ಕೆ ಗೀಟು ಹಾಕಿದ್ದೆ. ಉಗ್ರಾಣದವರು ಒಗೆದರು ಎಂದರೆ ಅದೂ ಸುಳ್ಳಾಗುತ್ತಿರಲಿಲ್ಲ. ನಾಲಗೆಯ ತುದಿಯವರೆಗೆ ಬಂದಿತ್ತು.

"ನಾನು," ಅಂದೆ. "ನಿಮ್ಮನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ. ಸುಸ್ತಾಗಿತ್ತು, ಸುಮ್ನೆ ಗುರುತು ಹಾಕ್ಬಿಟ್ಟೆ. ತಪ್ಪು ನಂದು."

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಅದರ ಮೇಲೆ ಕೂತಳು.

"ಮನೆಗೆ ಹೋಗಿ ಕ್ಯಾಪ್ಟನ್."

ಹೋದೆ. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಬಳಿ ಕಾರು ನಿಲ್ಲಿಸಿ ಅರ್ಧ ಗಂಟೆ ಸ್ಟೀರಿಂಗ್ ಹಿಡಿದು ಕೂತಿದ್ದೆ. ಕರ್ನಲ್ಲರಿಗೆ ಹೇಳಿ ನನ್ನ ಬದಲು ಬೇರೆ ಯಾರನ್ನಾದರೂ ಹಾಕಿಸೋಣ ಅನ್ನಿಸಿತು. ಮರುದಿನ ಅವಳೇ ಫೋನ್ ಮಾಡಿದಳು.

"ಮುಂದಿನ ವಾರ ಬರ್ತೀರಾ? ಒಂದು ಕಾಗದ ತೋರಿಸ್ಬೇಕು. ಸುಳ್ಳು ಹೇಳದೇ ಇರೋರು ಬೇಕು ನಂಗೆ. ನಿಮ್ಮಲ್ಲಿ ಎಷ್ಟು ಜನ ಇದಾರೋ ಗೊತ್ತಿಲ್ಲ."

ಅವಳು ತೋರಿಸಿದ್ದು ನೋಲನ್‌ನ ಕಂಪನಿ ನಡೆಸುತ್ತಿದ್ದ ಕ್ಯಾಪ್ಟನ್ ಗ್ರಾಂಟ್ ಹೋಲ್ಕಂ ಬರೆದ ಪತ್ರ. ಒಂದು ಪುಟ. ನೋಲನ್ ಧೈರ್ಯವಂತ, ಎಲ್ಲರಿಗೂ ಬೇಕಾದವನು, ಎಂಥ ಕಷ್ಟದಲ್ಲೂ ಜೊತೆಯವರನ್ನು ನಗಿಸುತ್ತಿದ್ದ ಎಂದು ಬರೆದಿತ್ತು.

"ನೋಲನ್ ಯಾರನ್ನೂ ನಗಿಸಿದೋನಲ್ಲ," ಅಂದಳು ಡಾರ್ಲಾ. "ಅವನ ಬಾಯಿಂದ ದಿನಕ್ಕೆ ಹತ್ತು ಮಾತು ಬಂದ್ರೆ ಹೆಚ್ಚು. ಈತ ಯಾರ ಬಗ್ಗೆ ಬರೆದಿದಾನೆ?"

ನಾನು ಆ ಪತ್ರವನ್ನು ಎರಡು ಸಲ ಓದಿದೆ. ಅಂಥದು ನನಗೆ ಹೊಸದಲ್ಲ. ನಾನೇ ಎರಡು ಬರೆದಿದ್ದೇನೆ, ನನ್ನ ಕಂಪನಿಯಲ್ಲಿ ಸತ್ತ ಇಬ್ಬರ ಮನೆಗೆ. ನೂರಮೂವತ್ತು ಜನರಿರುತ್ತಾರೆ. ಅವರು ಉಂಡರೋ, ಮಲಗಿದರೋ, ಬೂಟು ಹರಿದಿದೆಯೋ, ಹೆಂಡತಿ ಬಿಟ್ಟುಹೋದಳೋ, ಎಲ್ಲವೂ ಕ್ಯಾಪ್ಟನ್ನಿನ ತಲೆಗೆ. ಕೈಕೆಳಗಿನ ಲೆಫ್ಟಿನೆಂಟನು ತಪ್ಪು ಮಾಡಿದರೂ ತಪ್ಪು ಕ್ಯಾಪ್ಟನ್ನಿನದೇ. ಇಷ್ಟೆಲ್ಲ ಹೊತ್ತುಕೊಂಡ ಮೇಲೂ ಒಬ್ಬ ಹುಡುಗ ಹೇಗೆ ನಗುತ್ತಿದ್ದ ಎನ್ನುವುದು ತಿಳಿದಿರುವುದಿಲ್ಲ. ಸಾರ್ಜೆಂಟನನ್ನು ಕೇಳಿ ಬರೆಯಬೇಕು. ಸಾರ್ಜೆಂಟನೂ ನಿದ್ದೆಗೆಟ್ಟಿರುತ್ತಾನೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ಇಬ್ಬರ ವಿಷಯವನ್ನೂ ಹೇಳಿದೆ.

"ಅವರ ಮನೆಗೆ ಹೋಗಿದ್ರಾ?"

"ಇಲ್ಲ."

ಅವಳು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನಂಗೆ ಈ ಹೋಲ್ಕಂನ ನೋಡ್ಬೇಕು. ಇಲ್ಲಿಗೆ ಬರ್ಲಿ. ಈ ಕುರ್ಚೀಲಿ ಕೂತು ಹೇಳ್ಲಿ."

ಜನವರಿಯಲ್ಲಿ ತನಿಖೆಯ ವರದಿ ಬಂತು. ಒಬ್ಬ ಅಧಿಕಾರಿ ಬಂದು ಅವಳ ಮೇಜಿನ ಮೇಲೆ ನಕ್ಷೆ ಹಾಸಿ ವಿವರಿಸಿದರು. ಬೆಟ್ಟದ ಮೇಲಿನ ಠಾಣೆಯೊಂದಕ್ಕೆ ನೀರು ಒಯ್ಯುತ್ತಿದ್ದ ಟ್ರಕ್ಕುಗಳು. ಮುಂದಿನ ಟ್ರಕ್ಕು ನೋಲನ್‌ನದು. ರಸ್ತೆಯಲ್ಲಿ ಬಾಂಬು ಹುಡುಕುವ ವಾಹನ ಕೆಟ್ಟು ನಿಂತಿತ್ತು. ಅದಕ್ಕೆ ಕಾಯದೆ ಹೊರಡಲು ಕಂಪನಿಯ ಕ್ಯಾಪ್ಟನ್ ಆಜ್ಞೆ ಕೊಟ್ಟರು; ಆ ತೀರ್ಮಾನ ಅವರ ಅಧಿಕಾರದೊಳಗೇ ಇತ್ತು. ಒಂದು ಮೋರಿಯ ಕೆಳಗೆ ಬಾಂಬು ಇತ್ತು.

"ಅಧಿಕಾರದೊಳಗೇ," ಎಂದು ಡಾರ್ಲಾ ಒಂದು ಸಲ ಹೇಳಿ, ನಕ್ಷೆಯನ್ನು ಮಡಿಸಿ ಅವರ ಕೈಗೇ ಕೊಟ್ಟಳು.

ಫೆಬ್ರುವರಿ ಕೊನೆಗೆ ಹೋಲ್ಕಂನ ಕಂಪನಿ ಸ್ವದೇಶಕ್ಕೆ ಮರಳಿತು. ನಾನು ಫೋನ್ ಮಾಡಿದೆ.

"ಬರೋಕೆ ಆಗಲ್ಲ ಅಂತಲ್ಲ," ಅಂದ ಅವನು. ದನಿ ಚಿಕ್ಕ ವಯಸ್ಸಿನವನದು. "ನಾನು ಬಂದ್ರೆ ಅವರಿಗೇನು ಸಿಗುತ್ತೆ?"

"ಗೊತ್ತಿಲ್ಲ. ಅವರು ಕೇಳಿದಾರೆ."

"ನೀನು ನನ್ನ ಜಾಗದಲ್ಲಿದ್ರೆ ಹೋಗ್ತಿದ್ಯಾ?"

"ನಿನ್ನ ಜಾಗದಲ್ಲಿದ್ದೆ ಕಣಪ್ಪ. ಹೋಗ್ಲಿಲ್ಲ. ಅದಕ್ಕೇ ಹೇಳ್ತಿರೋದು."

ಮಾರ್ಚ್ ಎರಡನೆಯ ವಾರ ಅವನು ಬಂದ. ಒಮಾಹಾ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಕರೆತಂದೆ. ಇಪ್ಪತ್ತೊಂಬತ್ತು ವರ್ಷ, ಕಣ್ಣಿನ ಕೆಳಗೆ ಮಸಿ ಬಳಿದ ಹಾಗೆ ಕಪ್ಪು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ತುಟಿಯಲ್ಲೇ ಗೊಣಗಿಕೊಳ್ಳುತ್ತಿದ್ದ. ಡಾರ್ಲಾಳ ಮುಂದೆ ಕೂತಾಗ ಅದೊಂದೂ ಬಾಯಿಗೆ ಬರಲಿಲ್ಲ.

"ಮೇಡಂ, ಕಳಿಸಿದ್ದು ನಾನು," ಅಂದ. "ಬೇರೆ ಯಾರೂ ಅಲ್ಲ. ಮೇಲಿನವರು ಹೇಳಿರ್ಲಿಲ್ಲ, ಲೆಫ್ಟಿನೆಂಟ್ ಕೇಳಿರ್ಲಿಲ್ಲ. ಠಾಣೇಲಿ ಹತ್ತೊಂಬತ್ತು ಜನ ಇದ್ರು. ಅವರ ಹತ್ರ ಸಂಜೆವರೆಗೆ ಮಾತ್ರ ನೀರಿತ್ತು. ವಾಹನ ರಿಪೇರಿ ಆಗೋಕೆ ಎರಡು ದಿನ ಅಂದ್ರು. ಹೊರಡಿ ಅಂದೆ."

"ಹೆಲಿಕಾಪ್ಟರಲ್ಲಿ ಕಳಿಸ್ಬಾರ್ದಾಗಿತ್ತಾ?"

"ಕೇಳ್ದೆ. ಧೂಳು ಎದ್ದಿತ್ತು, ಹಾರಿಸಲ್ಲ ಅಂದ್ರು."

"ನೋಲನ್ ಏನಾದ್ರೂ ಅಂದ್ನಾ?"

ಹೋಲ್ಕಂ ಕೈಗಳನ್ನು ಮೇಜಿನ ಮೇಲಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ.

"ಒಂದೇ ಮಾತು. 'ರಸ್ತೆ ಯಾರಾದ್ರೂ ನೋಡಿದಾರಾ ಸರ್' ಅಂತ ಕೇಳ್ದ. ಇಲ್ಲ ಅಂದೆ. 'ಸರಿ' ಅಂತ ಹೇಳಿ ಹತ್ತಿ ಕೂತ."

"ಹೂಂ. ಅದು ಅವನೇ," ಅಂದಳು ಡಾರ್ಲಾ. "ಮತ್ತೆ ಆ ಪತ್ರ? ನಗಿಸ್ತಿದ್ದ ಅಂತ?"

"ನನಗೆ ಅವನ ಮುಖ ಗೊತ್ತಿತ್ತು. ಅವನ ಟ್ರಕ್ಕು ಯಾವತ್ತೂ ಕೆಟ್ಟು ನಿಂತಿರ್ಲಿಲ್ಲ, ಅದು ಗೊತ್ತಿತ್ತು. ಇನ್ನೇನೂ ಗೊತ್ತಿರ್ಲಿಲ್ಲ ಮೇಡಂ. ಗೊತ್ತಿಲ್ಲ ಅಂತ ಬರೆಯೋಕಾಗಲ್ಲ ಅಂತ ಹಂಗೆ ಬರೆದೆ."

"ಟ್ರಕ್ಕಿನ ವಿಷಯ ಬರೀಬೋದಿತ್ತಲ್ಲ. ಹನ್ನೆರಡನೇ ವಯಸ್ಸಿಗೇ ನನ್ನ ಬಸ್ಸಿನ ಎಂಜಿನ್ ಬಿಚ್ತಿದ್ದ ಅವನು."

"ಹೌದು. ಬರೀಬೋದಿತ್ತು."

"ಆ ಹತ್ತೊಂಬತ್ತು ಜನಕ್ಕೆ ನೀರು ಸಿಕ್ತಾ?"

"ಮಾರನೇ ದಿನ ಮಧ್ಯಾಹ್ನ. ಧೂಳು ಇಳೀತು, ಹೆಲಿಕಾಪ್ಟರ್ ಹೋಯ್ತು."

ಆ ಉತ್ತರದ ಅರ್ಥ ಮೂವರಿಗೂ ತಿಳಿಯಿತು. ಒಂದು ರಾತ್ರಿ ಬಾಯಾರಿಕೆ ತಡೆದುಕೊಂಡಿದ್ದರೆ ಸಾಕಿತ್ತು. ಅದು ಮೊದಲೇ ತಿಳಿಯುವ ದಾರಿ ಯಾವುದೂ ಇರಲಿಲ್ಲ. ಹೋಲ್ಕಂ ಅದನ್ನು ಹೇಳಲಿಲ್ಲ. ನಾನೂ ಅವನ ಪರವಾಗಿ ಬಾಯಿ ಹಾಕಲಿಲ್ಲ.

ಡಾರ್ಲಾ ಗಡಿಯಾರ ನೋಡಿ ಎದ್ದಳು.

"ಮೂರೂಕಾಲಿಗೆ ಶಾಲೆ ಬಿಡುತ್ತೆ. ಬಸ್ ತೆಗೀಬೇಕು. ನೀವಿಬ್ರೂ ಇಲ್ಲೇ ಇರಿ, ಮುಗಿದಿಲ್ಲ ಇನ್ನೂ. ಒವನ್ನಲ್ಲಿ ಕೋಳಿ ಇದೆ, ನಾಲ್ಕೂವರೆಗೆ ಆರಿಸಿ. ಮರೀಬೇಡಿ, ಆಫೀಸರುಗಳಿಗೆ ಅಷ್ಟಾದ್ರೂ ಬರುತ್ತೆ ಅಂದ್ಕೊಂಡಿದೀನಿ."

ಜಾಕೆಟ್ಟು ಹಾಕಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಹಳದಿ ಬಸ್ಸು ಬೀದಿಗಿಳಿದದ್ದು ಕಿಟಕಿಯಲ್ಲಿ ಕಂಡಿತು. ನಾವಿಬ್ಬರು ಕ್ಯಾಪ್ಟನ್‌ಗಳು ಪರರ ಅಡುಗೆಮನೆಯಲ್ಲಿ ಕೋಳಿ ಕಾಯುತ್ತಾ ಕೂತೆವು.

"ನಿನ್ನವರು ಎಷ್ಟು ಜನ ಹೋದ್ರು?" ಅಂತ ಹೋಲ್ಕಂ ಕೇಳಿದ.

"ಇಬ್ಬರು."

"ನನಗೆ ನಾಲ್ವರು," ಅಂದ. ತೋಳನ್ನು ಮೇಜಿನ ಮೇಲೆ ಹಾಕಿ, ಅದರ ಮೇಲೆ ತಲೆಯಿಟ್ಟ. ಎರಡು ನಿಮಿಷಕ್ಕೆ ಉಸಿರು ಭಾರವಾಯಿತು. ನಾಲ್ಕೂವರೆಗೆ ನಾನು ಒವನ್ ಆರಿಸಿದೆ. ಆ ಸದ್ದಿಗೂ ಅವನು ಮಿಸುಕಲಿಲ್ಲ.

ಡಾರ್ಲಾ ಐದಕ್ಕೆ ಬಂದಳು. ಬೀಗದ ಕೈಯನ್ನು ಎಂದಿನಂತೆ ಬುಟ್ಟಿಗೆ ಎಸೆಯಲು ಹೋದವಳು ಅವನನ್ನು ಕಂಡು ಕೈಯಲ್ಲೇ ಹಿಡಿದುಕೊಂಡಳು.

"ಎಷ್ಟೊತ್ತಿಂದ?" ಪಿಸುಗುಟ್ಟಿದಳು.

"ನೀವು ಹೋದಾಗಿಂದ."

"ಎಬ್ಬಿಸ್ಬೇಡಿ."

ನಾವಿಬ್ಬರೇ ನಿಂತುಕೊಂಡು, ಸಿಂಕಿನ ಪಕ್ಕದಲ್ಲಿ ತಟ್ಟೆಯಿಟ್ಟುಕೊಂಡು ಊಟ ಮಾಡಿದೆವು. ಅವನ ನಾಲ್ವರ ವಿಷಯವನ್ನು ಅವಳಿಗೆ ಹೇಳಿದೆ. ಅವನ ಪಾಲನ್ನು ಅವಳು ಮುಚ್ಚಿಟ್ಟಳು. ಆರಕ್ಕೆ ಅವನು ಎದ್ದು, ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡಿ, ತಿಳಿದ ಕೂಡಲೇ ನೆಟ್ಟಗೆ ನಿಂತ.

"ಕೂತ್ಕೋ, ತಿನ್ನು," ಅಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಊಟ ಹಾಕ್ದೆ ಅಂತ ಕ್ಷಮಿಸಿಬಿಟ್ಲು ಅಂದ್ಕೋಬೇಡ. ಹಂಗೇನೂ ಇಲ್ಲ. ಮುಂದೆ ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಸರಿ ಮೇಡಂ."

"ಆದ್ರೆ ನೀನು ಬಂದೆ. ಮಿಕ್ಕ ಮೂರು ಮನೆಗೂ ಹೋಗ್ತೀಯಾ?"

ಅವನು ಉತ್ತರ ಕೊಡುವ ಮೊದಲೇ ಅವಳು ನನ್ನ ಕಡೆಗೂ ತಿರುಗಿ ನೋಡಿದಳು.

ಹೋಲ್ಕಂ ಆ ಬೇಸಿಗೆಯಲ್ಲಿ ಎರಡು ಮನೆಗೆ ಹೋದ. ಮೂರನೆಯವರು ಬಾಗಿಲಲ್ಲೇ ತಡೆದು ಕಳಿಸಿದರಂತೆ. ಆಮೇಲೂ ಸೇನೆಯಲ್ಲೇ ಇದ್ದಾನೆ; ಹೊಸ ಲೆಫ್ಟಿನೆಂಟುಗಳಿಗೆ ಪಾಠ ಹೇಳುತ್ತಾನೆ. ನಾನು ಏಪ್ರಿಲ್‌ನಲ್ಲಿ ಡಾರ್ಲಾಳ ಕೊನೆಯ ಕಾಗದಕ್ಕೆ ಸಹಿ ಹಾಕಿಸಿದೆ. ಮೇ ತಿಂಗಳಲ್ಲಿ, ನವೆಂಬರಿನಲ್ಲಿ ತಪ್ಪಿಹೋಗಿದ್ದ ರಜೆ ತೆಗೆದುಕೊಂಡು, ನನ್ನ ಇಬ್ಬರಲ್ಲಿ ಮೊದಲನೆಯವನ ಮನೆಗೆ ಹೊರಟೆ. ಒಕ್ಲಹೋಮಾದಲ್ಲಿ ಅವನ ತಂದೆ ಟೈರು ಅಂಗಡಿ ಇಟ್ಟಿದ್ದಾರೆ. ನನ್ನ ಹೆಸರು ಹೇಳಿದೆ. ಅವರು ಕೈಯ ಮಸಿಯನ್ನು ಒರಸಿಕೊಳ್ಳುತ್ತಾ ಬಹಳ ಹೊತ್ತು ನನ್ನನ್ನೇ ನೋಡಿದರು.

"ಮೂರು ವರ್ಷ ಆಯ್ತಲ್ಲಪ್ಪ," ಅಂದರು.

"ಹೌದು ಸರ್. ತಡವಾಯ್ತು."

ಅವರು ಒಂದು ಟೈರನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದರು, ಕೂರಲು.